ಬೆಲ್ಲದ ಬಣ್ಣದ ಕುದುರೆ

ನಮ್ಮ ಮನೆಯ ಕುದುರೆ ಬೆಲ್ಲದ ಬಣ್ಣದ್ದು. ಹಳೇ ಕರಿಬೆಲ್ಲವಲ್ಲ, ಯಳಂದೂರಿನ ಕಡೆ ಆಲೆಮನೆಯಲ್ಲಿ ಆಗತಾನೇ ಅಚ್ಚಿಗೆ ಹುಯ್ದ ಬೆಲ್ಲ ಇರುತ್ತದಲ್ಲ, ಆ ಬಣ್ಣ. ಸಿನಿಮಾದಲ್ಲಿ ಅವಳನ್ನು ನೋಡಿದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅವರಿಗೆಲ್ಲ ಅವಳು ಕರಿಕುದುರೆ.

ನಮ್ಮ ಯಜಮಾನರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಹೊಡೆಯುತ್ತಿದ್ದರು. ನಾಟಕದ ಕಂಪನಿ ಮುಚ್ಚಿದ ಮೇಲೆ ಸಿನಿಮಾ ಮಾಡುತ್ತೇನೆಂದು ಹೊರಟಿದ್ದ ಒಬ್ಬರು ನಮ್ಮ ಗಾಡಿ ಹತ್ತಿದ್ದೇ ಎಲ್ಲದಕ್ಕೂ ಮೊದಲು. ಡೈರೆಕ್ಟರೂ ಅವರೇ, ಕತೆ ಬರೆಯುವವರೂ ಅವರೇ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಸವಾರನೊಬ್ಬ ಕರಿಕುದುರೆ ಏರಿ ಬಂದು ಕೆಟ್ಟವರನ್ನು ಬಡಿದು ಹೋಗುವ ಕತೆ. ಸವಾರನ ಪಾತ್ರಕ್ಕೆ ಹನೂರಿನ ಗರಡಿಯ ಪೈಲ್ವಾನರು ಸಿಕ್ಕಿದ್ದರು. ಕರಿಕುದುರೆ ಮಾತ್ರ ಸಿಕ್ಕಿರಲಿಲ್ಲ. ಡೈರೆಕ್ಟರು ಗಾಡಿ ಇಳಿದವರು ನಮ್ಮ ಕುದುರೆಯನ್ನು ಒಂದು ಸುತ್ತು ಬಂದು, "ಇದಕ್ಕೇ ಮಸಿ ಬಳಿದರೆ ಹೆಂಗೆ ಅಣ್ಣ?" ಅಂದರಂತೆ.

ಮಸಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಬೀದಿಯಲ್ಲೇ ರೇಷ್ಮೆ ನೂಲು ಬಿಚ್ಚುವ ಮನೆಗಳಿದ್ದವು. ಅವರ ಒಲೆಗಳ ಮೇಲಿನ ಗೋಡೆಯಿಂದ ಮಸಿ ಕೆರೆದು ತಂದು, ಹಳೇ ಪಂಚೆಯಲ್ಲಿ ಸೋಸಿ, ಹರಳೆಣ್ಣೆ ಹುಯ್ದು ಒರಳಲ್ಲಿ ಅರೆಯುತ್ತಿದ್ದೆ. ನೂಲು ಬಿಚ್ಚುವ ಹೆಂಗಸರು ಬಿಡುತ್ತಿರಲಿಲ್ಲ.

"ಏನಕ್ಕಾ, ಕುದ್ರೆಗೆ ಮೈತುಂಬ ಕಾಡಿಗೆ! ನಿನ್ ಕಣ್ಗೂ ಒಸಿ ಮಡಿಕೋ, ನಿನ್ನೂ ಸಿನಿಮಾಕ್ಕೆ ಕರ್ಕತಾರೆ."

"ನನ್ ಕರ್ಕಂಡ್ರೆ ಕುದ್ರೆಗೆ ಉಳ್ಳಿಕಾಳು ಬೇಯ್ಸೋರು ಯಾರು, ನೀ ಬತ್ತೀಯಾ?" ಅನ್ನುತ್ತಿದ್ದೆ.

ಬಳಿಯುವಾಗ ಅವಳು ಅಲುಗುತ್ತಿರಲಿಲ್ಲ. ಯಜಮಾನರ ಕೈ ಮುಖದ ಹತ್ತಿರ ಬಂದರೆ ತಾನಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಳಿಯುವುದು ಸುಲಭ, ತೊಳೆಯುವುದು ಕಷ್ಟ. ಎಣ್ಣೆಮಸಿ ನೋಡಿ, ಬರೀ ನೀರಿಗೆ ಜಗ್ಗುವುದಿಲ್ಲ. ಬಿಸಿನೀರು, ಸೀಗೆಪುಡಿ, ಅಂಟುವಾಳದ ನೊರೆ ಎಲ್ಲ ಬೇಕು. ಯಳಂದೂರಿನಲ್ಲಿ ಶೂಟಿಂಗ್ ಇದ್ದಾಗ ನೀರಿಗೆ ಹೊಳೆ ಇತ್ತು, ಬೇರೆ ಕಡೆ ನಾನೇ ನೀರು ಹೊತ್ತು ಹಂಡೆ ಕಾಯಿಸಬೇಕು. "ನಾಳೆ ಮತ್ತೆ ಬಳಿಯೋದೇ ಅಲ್ವಾ, ಒಂದಿನ ಹಂಗೇ ಬಿಡಿ" ಎಂದು ಸೊಂಟ ಹಿಡಿದುಕೊಂಡು ಹೇಳಿದ್ದೇನೆ. ಯಜಮಾನರು ಕೇಳುತ್ತಿರಲಿಲ್ಲ.

"ಯಾಸ ಆಕ್ಕಂಡು ಯಾರಾರ ಮನೀಕತಾರಾ ಅಮ್ಮಿ? ಒತ್ತಾರೆ ಎದ್ದಾಗ ತಾನ್ಯಾರು ಅಂತ ಅದ್ಕೆ ತಿಳೀಬೇಕು."

ಹಾಗಾಗಿ ಸಿನಿಮಾದ ಮೊದಲನೇ ಪಾರ್ಟು, ಅದು ಓಡಿದ ಮೇಲೆ ತೆಗೆದ ಎರಡನೇ ಪಾರ್ಟು ಮುಗಿಯುವವರೆಗೂ ಒಂದು ದಿನವೂ ಅವಳು ಆ ವೇಷದಲ್ಲಿ ಮಲಗಲಿಲ್ಲ. ಸಂಜೆಯಾದರೆ ಮತ್ತೆ ನಮ್ಮ ಮನೆಯವಳೇ ಆಗುತ್ತಿದ್ದಳು.

ಮೂರನೆಯದೇ ಕೊನೆಯದು ಎಂದು ಹೇಳುವುದಕ್ಕೆ ಡೈರೆಕ್ಟರು ಮನೆಗೇ ಬಂದರು. ಕಾಫಿ ಲೋಟ ಕೆಳಗಿಟ್ಟು, ಈ ಪಾರ್ಟಿನಲ್ಲಿ ಕುದುರೆ ಸಾಯುತ್ತದೆ ಎಂದರು. ಗಾಯವಾದ ಸವಾರನನ್ನು ಬೆಟ್ಟದ ಬುಡದವರೆಗೂ ಹೊತ್ತು ತಂದು, ಮಲಗಿ, ಪ್ರಾಣ ಬಿಡುತ್ತದಂತೆ.

"ಅದ್ಯಾಕೆ ಸಾ ಸಾಯ್ಸೋದು? ಅದೇನು ಮಾಡ್ತು?" ಎಂದರು ಯಜಮಾನರು.

"ಕುದುರೆ ಬದುಕಿದ್ರೆ ಜನ ನಾಲ್ಕನೇ ಪಾರ್ಟು ಕೇಳ್ತಾರೆ ಕಣಣ್ಣ. ನನ್ನ ಕೈಲಿ ಇನ್ನಾಗಲ್ಲ."

ಇಬ್ಬರೂ ನಕ್ಕರು. ಮಾರನೆಯ ದಿನದಿಂದ ಹಿತ್ತಲಲ್ಲಿ ಅಭ್ಯಾಸ ಶುರುವಾಯಿತು. ಮುಂಗಾಲಿನ ಮಂಡಿ ಮುಟ್ಟಿದರೆ ಮಲಗಬೇಕು, ಬೆಲ್ಲದ ಚೂರು ತೋರಿಸಿದರೆ ಏಳಬೇಕು. ವಯಸ್ಸಾಗಿತ್ತು, ಏಳುವಾಗ ಒಂದಿಷ್ಟು ತಡವರಿಸುತ್ತಿದ್ದಳು. ಆದರೂ ಕಲಿತಳು.

ಕಡೆಯ ದೃಶ್ಯಗಳಿಗೆ ಲೊಕ್ಕನಹಳ್ಳಿಯ ಆಚೆ, ಕಾಡಂಚಿನ ಕಲ್ಲು ಇಳಿಜಾರಿಗೆ ಹೋದೆವು. ಬೇಸಿಗೆ. ಅಡುಗೆಗೆ, ಕುಡಿಯುವುದಕ್ಕೆ, ಕುದುರೆ ತೊಳೆಯುವುದಕ್ಕೆ ಎಲ್ಲದಕ್ಕೂ ಎತ್ತಿನ ಗಾಡಿಯ ಮೇಲೆ ಡ್ರಮ್ಮಿನಲ್ಲಿ ನೀರು ಬರಬೇಕು. ಮೊದಲ ದಿನ ಓಟದ ದೃಶ್ಯ. ಪೈಲ್ವಾನರ ತೊಡೆ ಉಜ್ಜಿ, ಅವಳ ಬೆವರೂ ಸೇರಿ, ಪಕ್ಕೆಯಲ್ಲಿ ಅಂಗೈ ಅಗಲ ಮಸಿ ಹೋಗಿ ಬೆಲ್ಲದ ಬಣ್ಣ ಕಾಣಿಸಿಕೊಂಡಿತ್ತು. ಓಟವೆಲ್ಲ ಮುಗಿದ ಮೇಲೆ ಅದನ್ನು ಕಂಡವರು ಯಜಮಾನರೇ.

"ಸಾ, ಬಣ್ಣ ಬಿಟ್ಬುಟ್ಟದೆ. ಇನ್ನೊಂದ್ಸಲ ಓಡ್ಸವಾ?"

"ಇನ್ನೊಂದ್ಸಲಕ್ಕೆ ರೀಲೆಲ್ಲಿದೆ ಅಣ್ಣ? ಓಡೋ ಕುದುರೆ ಪಕ್ಕೆ ಯಾರು ನೋಡ್ತಾರೆ, ಬಿಡು."

ಅಂದು ಸಂಜೆಯೂ ತೊಳೆದೆವು. ಮಾರನೆಯ ದಿನ ಉಳಿದಿದ್ದದ್ದು ಸಾಯುವ ದೃಶ್ಯ ಒಂದೇ.

ಬೆಳಿಗ್ಗೆ ಅವಳು ಹುರುಳಿ ಮುಟ್ಟಲಿಲ್ಲ. ಕಾಲಲ್ಲಿ ನೆಲ ಕೆರೆದಳು, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು, ಆಮೇಲೆ ಬಿದ್ದು ಹೊರಳಿದಳು. ಹೊಟ್ಟೆಶೂಲೆ ಎಂದು ಇವರಿಗೆ ತಿಳಿದುಹೋಯಿತು. ಎಬ್ಬಿಸಿ ನಡೆಸಿದರು. ನಾನು ಓಮ ಇಂಗು ಕುದಿಸಿಕೊಟ್ಟೆ, ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ದನದ ಡಾಕ್ಟರನ್ನು ಕರೆತರಲು ಶೂಟಿಂಗಿನ ವ್ಯಾನು ಹನೂರಿಗೆ ಹೋಯಿತು. ಅದು ಬರುವಷ್ಟರಲ್ಲಿ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ಅವಳು ಒಂದು ಜಾಲಿಗಿಡದ ನೆರಳಲ್ಲಿ ಮಲಗಿದಳು. ಯಾರೂ ಮಂಡಿ ಮುಟ್ಟಿರಲಿಲ್ಲ. ಯಜಮಾನರು ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಯ ಹತ್ತಿರ ಹಿಡಿದರು.

"ಏಳಮ್ಮಿ. ಇನ್ನೂವೆ ಬಣ್ಣನೇ ಬಳ್ದಿಲ್ಲ, ಈಗ್ಲೇ ಮನೀಕಂಡ್ರೆ?"

ಬೆಲ್ಲ ಹಾಗೇ ಕೈಯಲ್ಲಿ ಕರಗಿತು. ಅವಳು ಏಳಲಿಲ್ಲ.

ನಾನು ಅಡುಗೆಯ ಡಬ್ಬಿಗಳಿಂದ ಅರಿಶಿನ ಹುಡುಕಿ ತಂದೆ. ಮನೆಯ ಜೀವ ಹೋದರೆ ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಉಪ್ಪು ಹಾಕಿ ಮಣ್ಣು ಮಾಡುವುದು ನಮ್ಮಲ್ಲಿ ಪದ್ಧತಿ. ಡೈರೆಕ್ಟರು ದೂರದ ಬಂಡೆಯ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದವರು ಎಷ್ಟೋ ಹೊತ್ತಿಗೆ ಎದ್ದು ಬಂದರು. ಒಮ್ಮೆ ಕ್ಯಾಮೆರಾ ಕಡೆ, ಒಮ್ಮೆ ಮಸಿಯ ಡಬ್ಬಿಯ ಕಡೆ ನೋಡಿದರು. ಅವರು ಕೇಳುವುದು ಏನೆಂದು ನನಗೆ ಗೊತ್ತಾಯಿತು.

"ಬ್ಯಾಡ ಸಾ, ಕೇಳಬೇಡಿ. ಅವಳು ಅವಳ ಬಣ್ಣದಲ್ಲೇ ಹೋಗಲಿ" ಎಂದೆ.

"ನಾನು ಬಲವಂತ ಮಾಡಲ್ಲ ಕಣಮ್ಮ. ಬೇರೆ ಕುದುರೆ ಎಲ್ಲಾದ್ರೂ ನೋಡ್ತೀನಿ" ಎಂದು ತಿರುಗಿದರು.

ಯಜಮಾನರು ಅವಳ ಕುತ್ತಿಗೆಯ ಮೇಲಿನ ಕೈ ತೆಗೆಯದೆ ಕೇಳಿದರು: "ಬ್ಯಾರೆ ಕುದ್ರೇನ ತಂದು ಇವ್ಳೇ ಅಂತ ತೋರುಸ್ತೀರಾ?"

"ಇನ್ನೇನು ಮಾಡಲಿ ಅಣ್ಣ?"

ಯಜಮಾನರು ಅವಳ ಕತ್ತಿನ ಕೂದಲು ಸರಿಪಡಿಸಿದರು. ಆಮೇಲೆ ನನ್ನ ಕಡೆ ನೋಡಿ, "ಮಸಿ ತಕಂಡ್ಬಾ" ಎಂದರು.

"ನಿಮ್ಗೇನು ತಲೆ ಕೆಟ್ಟದಾ?"

"ಮೂರು ಪಾರ್ಟು ಓಡ್ದೋಳು ಇವ್ಳು. ಕಡೇಗೆ ಯಾವ್ದೋ ಬಂದು ಮನೀಕಂಡು ಇದೇ ಅದು ಅನ್ನುಸ್ಕಬೇಕಾ? ತಕಂಡ್ಬಾ ಅಮ್ಮಿ. ಆಮೇಲೆ ತೊಳ್ದ್ರಾಯ್ತು."

ತಂದುಕೊಟ್ಟೆ. ಅವರೇ ಬಳಿದರು, ಯಾರನ್ನೂ ಮುಟ್ಟಗೊಡಲಿಲ್ಲ. ಮುಖಕ್ಕೆ ಬಂದಾಗ ಅಭ್ಯಾಸದಂತೆ ಒಂದು ಕ್ಷಣ ಕೈ ತಡೆದರು, ಕಣ್ಣು ಮುಚ್ಚಲಿ ಎಂದು. ಆಮೇಲೆ ತಾವೇ ಹೆಬ್ಬೆರಳಲ್ಲಿ ರೆಪ್ಪೆ ಇಳಿಸಿದರು.

ಪೈಲ್ವಾನರು ಅವಳ ಕತ್ತು ತಬ್ಬಿ ಅಳಬೇಕಾಗಿತ್ತು. ಮೂರು ಪಾರ್ಟಿನಲ್ಲಿ ಒಮ್ಮೆಯೂ ಅವರಿಗೆ ಕ್ಯಾಮೆರಾ ಮುಂದೆ ಸರಿಯಾಗಿ ಅಳು ಬಂದಿರಲಿಲ್ಲ. ಅಂದು ಕಟ್ ಎಂದ ಮೇಲೂ ಅವರನ್ನು ಎಬ್ಬಿಸಬೇಕಾಯಿತು.

ಎಲ್ಲ ಮುಗಿದು, ನಾನು ಸೀಗೆಪುಡಿ ಹಿಡಿದುಕೊಂಡು ಡ್ರಮ್ಮಿನ ಹತ್ತಿರ ಹೋದರೆ, ತಳದಲ್ಲಿ ಕೈ ಮುಳುಗುವಷ್ಟೂ ನೀರಿಲ್ಲ. ಗಾಡಿ ಮತ್ತೆ ಬರುವುದು ಬೆಳಿಗ್ಗೆಯೇ, ಡಾಕ್ಟರನ್ನು ಬಿಡಲು ಹೋದ ವ್ಯಾನೂ ಬಂದಿರಲಿಲ್ಲ. ಊರ ಕಟ್ಟೆಯಲ್ಲಿ ದನ ತುಳಿದ ಕೆಸರು. ಸುದ್ದಿ ತಿಳಿದು ಊರಿನ ಹೆಂಗಸರು ಕುಡಿಯುವುದಕ್ಕೆ ಇಟ್ಟುಕೊಂಡಿದ್ದ ನೀರನ್ನೇ ಕೊಡದಲ್ಲಿ ಹೊತ್ತು ತಂದರು. ಅವರ ಹೊಟ್ಟೆ ತಣ್ಣಗಿರಲಿ. ಆದರೆ ಆ ನೀರು ಆ ಮೈಗೆ ಎಲ್ಲಿ ಸಾಲಬೇಕು? ಬಿಸಿಲಿಗೆ ಎಣ್ಣೆಮಸಿ ಒಣಗಿ ಹಿಡಿದಿತ್ತು. ಉಜ್ಜಿದಷ್ಟೂ ಕಪ್ಪೇ ಹರಡಿತು. ನೊಸಲೊಂದಿಷ್ಟು ತಿಕ್ಕಿದೆ, ಬೂದಿ ಬಣ್ಣಕ್ಕೆ ಬಂತೇ ಹೊರತು ಬೆಲ್ಲದ ಬಣ್ಣ ಬರಲಿಲ್ಲ. ಅದರ ಮೇಲೇ ಅರಿಶಿನ ಹಚ್ಚಿದೆ. ಅದು ಹಿಡಿಯಲೂ ಇಲ್ಲ.

ಗುಂಡಿ ತೋಡಿದ್ದ ಊರಿನ ಹಿರಿಯರೊಬ್ಬರು ಕಾಡಿನ ಕಡೆ ನೋಡುತ್ತಾ ಹೇಳಿದರು: "ಒತ್ತು ಮುಳುಗ್ತಾ ಅದೆ ಕಣಪ್ಪ. ಕಿರುಬ ನರಿ ವಾಸ್ನೆ ಇಡ್ಕಂಡು ಬತ್ತವೆ. ಮಡಿಕಂಡ್ರೆ ಒತ್ತಾರೆಗೆ ನಿಂಗೇನೂ ಉಳ್ಯಾಕಿಲ್ಲ."

ಯಜಮಾನರು ಆ ಮಸಿಕೈಯಲ್ಲೇ ಮಣ್ಣು ಎಳೆದರು. ಕಪ್ಪು ಕುದುರೆಯೊಂದು ಮುಚ್ಚಿಹೋಯಿತು.

ಆಮೇಲೆ ಅವರು ಮತ್ತೆ ಕುದುರೆ ಕಟ್ಟಲಿಲ್ಲ. ರೇಷ್ಮೆಗೂಡಿನ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡರು. ಕುದುರೆಯ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, ಊಟ ಮಾಡುತ್ತಾ ಇದ್ದಕ್ಕಿದ್ದಂತೆ, "ಹಂಗೇ ಕಳ್ಸ್ಬುಟ್ಟೆ ನೋಡು, ಯಾಸದಲ್ಲೇ" ಎಂದು ತಟ್ಟೆ ಸರಿಸಿ ಎದ್ದರು.

ಯಳಂದೂರಿನ ಸಿನಿಮಾ ಟೆಂಟಿಗೆ ಮೂರನೇ ಪಾರ್ಟು ಬಂದಾಗ ನಾನು ಅಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಜೊತೆ ಹೋದೆ. ಓಟದ ದೃಶ್ಯ ಬಂತು. ಇಳಿಜಾರಿನಲ್ಲಿ ಅವಳು ಬರುತ್ತಿದ್ದಾಳೆ, ಪೈಲ್ವಾನರ ಕಾಲು ಹಿಂದಕ್ಕೆ ಸರಿದಾಗೆಲ್ಲ ಪಕ್ಕೆಯಲ್ಲಿ ಅಂಗೈ ಅಗಲದ ತೆಳು ಕಲೆ ಮಿಂಚುತ್ತದೆ. ಟೆಂಟಿಗೆ ಟೆಂಟೇ ಗೊಳ್ಳೆಂದಿತು.

"ಲೇ, ಕುದ್ರೆ ಬಣ್ಣ ಬಿಡ್ತದೆ ಕಣ್ಲಾ!"

"ಅಗ್ಗದ ಸೀರೆ ಅದು, ಬಿಸ್ಲಿಗಾಕಬ್ಯಾಡಿ!"

ನಾನು ಮಾರನೆಯ ದಿನವೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು ಯಜಮಾನರಿಗೆ ಆ ಕಲೆಯ ವಿಷಯ ಹೇಳಿದೆ. ಆ ಸಿನಿಮಾ ನೋಡುವುದಿಲ್ಲ ಎಂದು ಕೂತಿದ್ದವರು ಎದ್ದು ಅಂಗಿ ಹಾಕಿಕೊಂಡರು.

ಯಳಂದೂರಿನ ಟೆಂಟಿನಲ್ಲಿ ಮರಳ ಮೇಲೆ, ತೆರೆಗೆ ಹತ್ತಿರವೇ ಕೂತೆವು. ಆ ದೃಶ್ಯ ಬಂದಾಗ ಹಿಂದಿನವರು ಆ ದಿನವೂ ನಕ್ಕರು, ಯಾರೋ ಸಿಳ್ಳೆ ಹಾಕಿದರು. ಯಜಮಾನರ ಕೈ ನನ್ನ ಮಣಿಕಟ್ಟು ಹಿಡಿದುಕೊಂಡಿತು. ಕಪ್ಪುಬಿಳುಪಿನ ಸಿನಿಮಾ, ತೆರೆಯ ಮೇಲೆ ಅದು ಬೆಲ್ಲದ ಬಣ್ಣವೇನಲ್ಲ, ಬರೀ ಬಿಳಿಚಿದ ಬೂದು. ಆದರೆ ಅದು ಯಾವ ಬಣ್ಣವೆಂದು ಆ ಟೆಂಟಿನಲ್ಲಿ ನಮ್ಮಿಬ್ಬರಿಗೆ ಗೊತ್ತಿತ್ತು.

ಅವಳು ಮಲಗುವ ಮೊದಲೇ ಅವರು ಎದ್ದರು. ನಾನೂ ಹಿಂದೆಯೇ ಹೊರಗೆ ಬಂದೆ. ಗೇಟಿನವನು, "ಏನಣ್ಣ, ಕಡೇ ಫೈಟು ಬುಟ್ಟು ಓಯ್ತಿದ್ದೀಯ?" ಎಂದ. ಅವರು ನಿಲ್ಲಲಿಲ್ಲ. ಬಸ್ಸು ಬರುವ ಕಡೆಗೆ ಒಂದಷ್ಟು ದೂರ ನಡೆದು, ನನ್ನ ಮುಖ ನೋಡದೆ ಹೇಳಿದರು:

"ಅಷ್ಟು ಜಾಗ ತೊಳ್ದಂಗಿತ್ತು, ಅಲ್ವಾ ಅಮ್ಮಿ?"

"ಹೂಂ" ಎಂದೆ.