ಕರೆಂಟು ಕೊಡದ ಸ್ಥಾವರ

ರಜೆಗೆಂದು ಸೋಲಾಪುರಕ್ಕೆ ಬಂದಿದ್ದಾಗ ಕಾಕಾ ನನ್ನನ್ನು ಹೆಣ್ಣು ನೋಡಲು ಹತ್ತಿರದ ಹಳ್ಳಿ ಕಂದಲಗಾಂವಕ್ಕೆ ಕರೆದುಕೊಂಡು ಹೋದರು. ನಾನು ಫ್ರಾನ್ಸಿನಲ್ಲಿ ಹಲವು ದೇಶಗಳು ಕೂಡಿ ಕಟ್ಟುತ್ತಿರುವ ಪರಮಾಣು ಸಮ್ಮಿಳನ ಸ್ಥಾವರದಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವವನು. ಸೂರ್ಯನೊಳಗೆ ನಡೆಯುವುದನ್ನು ನೆಲದ ಮೇಲೆ ನಡೆಸಿ ನೋಡುವ ಯಂತ್ರ ಅದು.

ಹುಡುಗಿಯ ತಂದೆ ಒಗ್ಗರಣೆ ಅವಲಕ್ಕಿಯ ಪೋಹೆ ತಟ್ಟೆ ಮುಂದಿಟ್ಟು, "ಅಲ್ಲಿಂದ ಕರೆಂಟ್ ಯಾವಾಗ ಬರ್ತದ್ರಿ?" ಎಂದರು.

"ಇನ್ನೇನ್ರಿ, ಬರೋ ವರ್ಷ," ಎಂದುಬಿಟ್ಟರು ಕಾಕಾ.

ನನಗೆ ಸುಮ್ಮನಿರಲಾಗಲಿಲ್ಲ. "ಇಲ್ರಿ. ಇದರಿಂದ ಕರೆಂಟ್ ಬರಂಗೇ ಇಲ್ಲ. ಆಗ್ತದೋ ಇಲ್ಲೋ ನೋಡಾಕ ಕಟ್ಟಾಕತ್ತೀವಿ."

"ಇಷ್ಟು ದೇಶ ಕೂಡಿ, ಬರೇ ನೋಡಾಕ?" ಎಂದರು ಹುಡುಗಿಯ ತಂದೆ.

ಕಾಕಾ ನನ್ನ ಕಾಲು ತುಳಿದರು. ಅಷ್ಟರಲ್ಲಿ ಹುಡುಗಿಯೇ ಬಾಯಿ ತೆರೆದಳು. ಅಕ್ಕಲಕೋಟೆಯ ಮರಾಠಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು.

"ಆಗಲಿಲ್ಲ ಅಂದ್ರ?"

"ಯಾಕ ಆಗಲಿಲ್ಲ ಅಂತ ಗೊತ್ತಾಗ್ತದ. ಅಷ್ಟೊತ್ತಿಗೆ ನಾ ರಿಟೈರ್ ಆಗಿರ್ತೀನೋ ಏನೋ."

ಈ ಮಾತನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕೆಲಸದ ಜಾಗದಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಅವರವರ ಕೆಲಸ ಇರುತ್ತದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಂದೆಯ ಕಡೆ ತಿರುಗಿ, ಎಲ್ಲರ ಎದುರಿಗೇ, "ಅಪ್ಪಾ, ನನಗ ಪಸಂದ ಅದಾರ," ಎಂದಳು.

ಈಗ ನಾವಿಬ್ಬರೂ ಫ್ರಾನ್ಸಿನಲ್ಲಿದ್ದೇವೆ. ಮಾವನವರು ಮಾತ್ರ ಊರಲ್ಲಿ "ನಮ್ಮ ಅಳಿಯಾ ಕರೆಂಟಿನ ಆಫೀಸ್‌ನ್ಯಾಗ ಅದಾನ" ಎಂದೇ ಹೇಳಿಕೊಂಡಿದ್ದಾರೆ. ಹೀಗಾಗಿ ಕಂದಲಗಾಂವದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಾಗಲೆಲ್ಲ ಫೋನು ನನಗೇ ಬರುತ್ತದೆ.