ಅಜ್ಜ ಮರೆತ ಜಗಳ

ಬೆಳಗ್ಗೆ ಹಾಲು ಸೀದ ವಾಸನೆ ಬಂತು. ಒಲೆಯ ಮೇಲಿಟ್ಟವನು ನಾನೇ. ಪಕ್ಕದಲ್ಲೇ ನಿಂತು ಕಿಟಕಿಯಾಚೆಯ ಮಧುಗಿರಿ ಬೆಟ್ಟ ನೋಡುತ್ತಿದ್ದವನೂ ನಾನೇ. ನನ್ನಾಕೆ ಬಂದು ಪಾತ್ರೆಯನ್ನಲ್ಲ, ನನ್ನನ್ನು ನೋಡಿದಳು. "ಶುರುವಾಯ್ತು, ನಿಮ್ಮಜ್ಜನ ಕಾಯಿಲೆ" ಎಂದಳು.

ನನ್ನಜ್ಜನನ್ನು ನೀವು ನೋಡಬೇಕಿತ್ತು. ಮದಲೂರಿನಲ್ಲಿ ಒಂದು ಹುಣಸೆಮರದ ಸಲುವಾಗಿ ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟವರು. ಎರಡು ಮನೆಗೂ ಗೋಡೆ ಒಂದೇ. ಆ ಕಡೆ ಸೀನಿದರೆ ಈ ಕಡೆ ಬೈಗುಳ. ವಯಸ್ಸಾದಂತೆ ಅಜ್ಜನಿಗೆ ಮರೆವು ಹತ್ತಿತು. ಮೊದಲು ಹೋದದ್ದು ಕನ್ನಡಕ, ಆಮೇಲೆ ನಮ್ಮ ಹೆಸರುಗಳು, ಕೊನೆಗೆ ಆ ಜಗಳ. ಒಂದು ಮಧ್ಯಾಹ್ನ ನೆಟ್ಟಗೆ ತಮ್ಮನ ಮನೆಗೆ ನುಗ್ಗಿ ತಟ್ಟೆ ಎಳೆದುಕೊಂಡು ಕೂತರು. "ಮುದ್ದೆ ಇಕ್ಕಲಾ, ಹಸಿವಾಯ್ತದೆ."

ಚಿಕ್ಕಜ್ಜನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಾವು ಮಾತು ಬುಟ್ಟಿರೋದು ಗ್ಯಾಪಕ ಇಲ್ವೇನಣ್ಣಾ?"

"ಯಾಕ್ಲಾ ಬುಟ್ವಿ?"

ಎದುರಾಳಿಯೇ ಕೈಕೊಟ್ಟರೆ ಒಬ್ಬನೇ ಜಗಳವನ್ನು ಎಷ್ಟು ದಿನ ಸಾಕುವುದು? ಆದರೂ ಚಿಕ್ಕಜ್ಜ ಹುಣಸೆಮರದ ಕಥೆಯನ್ನು ಬುಡದಿಂದಲೇ ಹೇಳಿದರು: ಅಣ್ಣನೊಬ್ಬ ತಮ್ಮನ ಪಾಲಿನ ಮರ ತನ್ನದೆಂದು ಹಣ್ಣು ಉದುರಿಸಿಕೊಂಡು ಹೋದ ಕಥೆ. ಅಜ್ಜ ಮುದ್ದೆ ಮುರಿಯುತ್ತ ಕೇಳಿ ಕೆರಳಿದರು. "ಎಂಥಾ ಲಫಂಗ ಕಣ್ಲಾ ಅವ್ನು! ಮನೆಗೆ ಸೇರುಸ್ಬ್ಯಾಡ ಅವನ್ನ." ಚಿಕ್ಕಜ್ಜ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಂದಿನಿಂದ ಅಜ್ಜನ ಊಟ ಅಲ್ಲೇ. ಆ ಲಫಂಗನಿಗೆ ದಿನವೂ ಅಜ್ಜನ ಬಾಯಿಂದಲೇ ಮಂಗಳಾರತಿ.

ಅದೇ ಮರೆವು ಅಪ್ಪನಿಗೂ ಬಂದಾಗ ನಮಗೆ ನಗು ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಶಿರಾದಲ್ಲಿರುವ ನನ್ನಕ್ಕ ನನ್ನನ್ನು ತುಮಕೂರಿನ ಡಾಕ್ಟರೊಬ್ಬರ ಬಳಿಗೆ ಎಳೆದೊಯ್ದಳು. "ವಂಸದಲ್ಲೇ ಐತೆ ಸಾ. ನಮ್ಮಿಬ್ಬರಲ್ಲಿ ಯಾರಿಗೆ ಬತ್ತದೆ?" ಆಸ್ತಿ ಪಾಲು ಕೇಳಿದ ಹಾಗೆ ಕೇಳಿದಳು.

"ಕೆಲವು ಜೀನ್‌ಗಳಿಂದ ಅಪಾಯ ಹೆಚ್ಚಾಗುತ್ತಮ್ಮ" ಎಂದರು ಡಾಕ್ಟರು. "ಆದರೆ ಅವು ಇದ್ದವರಿಗೆಲ್ಲ ಬರಲ್ಲ, ಇಲ್ಲದವರಿಗೂ ಬರಬಹುದು. ಬಿಪಿ, ಶುಗರ್ ಹಿಡಿತದಲ್ಲಿಡಿ, ದಿನಾ ನಡೀರಿ, ನಾಲ್ಕು ಜನರ ಜೊತೆ ಮಾತಾಡ್ತಾ ಇರಿ."

ಕೊನೆಯ ಔಷಧಿಯನ್ನು ಅಕ್ಕ ಶ್ರದ್ಧೆಯಿಂದ ಹಿಡಿದಳು. ನಾಲ್ಕು ಜನರ ಪಾಲಿನ ಮಾತೂ ಫೋನಿನಲ್ಲಿ ನನಗೇ ಬಂತು.

ಇವತ್ತು ತಿಂಡಿಯ ಹೊತ್ತಿಗೂ ಫೋನು. "ಬಿಪಿ ಮಾತ್ರೆ ತಗೊಂಡೇನ್ಲಾ?"

"ತಗೊಂಡೆ ಕಣಕ್ಕ."

ಸೊಸೆಯ ಸಾರು ಸಪ್ಪೆ ಎಂಬುದನ್ನು ಸವಿಸ್ತಾರವಾಗಿ ಹೇಳಿ ಫೋನಿಟ್ಟಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ರಿಂಗಾಯಿತು.

"ಲೇ, ಬಿಪಿ ಮಾತ್ರೆ ತಗೊಂಡೇನ್ಲಾ?"

ಬೇರೆ ದಿನವಾಗಿದ್ದರೆ ಗೇಲಿ ಮಾಡುತ್ತಿದ್ದೆನೇನೋ. ಇವತ್ತು "ಒಳ್ಳೇ ಹೊತ್ತಿಗೆ ಹೇಳ್ದೆ ಕಣಕ್ಕ, ಈಗ್ಲೇ ತಗೋತೀನಿ. ಮನೇಲೆಲ್ಲ ಹೆಂಗವ್ರೆ?" ಎಂದೆ.

ಅಕ್ಕ ಸಾರಿನಿಂದಲೇ ಶುರುಮಾಡಿದಳು. ಕುರ್ಚಿ ಎಳೆದುಕೊಂಡು ಕೂತು, "ಅಯ್ಯೋ, ಹೌದಾ!" ಎಂದೆ.