ದೂರಶಿಕ್ಷಣದ ಮೀಟಿಂಗಿಗೆ ದೂರದಿಂದ ಬರುವಂತಿಲ್ಲ

ಗೆಳೆಯರೇ, ನವಿ ಮುಂಬಯಿ ನೆರೂಳದ ನಮ್ಮ ಯೂನಿವರ್ಸಿಟಿಯಲ್ಲಿ ಇವತ್ತು ದೂರಶಿಕ್ಷಣ ವಿಸ್ತರಣೆಯ ಮೀಟಿಂಗ್ ಇತ್ತು. ನಾನೂ ಇರುವ ಈ ಸಮಿತಿಯಲ್ಲಿನ ಒಬ್ಬಳೇ ವಿದ್ಯಾರ್ಥಿನಿ ಸುಜಾತಾ, ಉಡುಪಿ ಕಡೆಯವಳು, ದೂರದ ಬದಲಾಪುರದ ಹೋಟೆಲೊಂದರ ಕ್ಯಾಶ್ ಕೌಂಟರ್ ನೋಡಿಕೊಂಡೇ ಬಿ.ಎ. ಓದುತ್ತಿದ್ದಾಳೆ. ರಜೆ ಸಿಗದೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು.

"ಸರ್, ನಮ್ಮ ಬದಲಾಪುರದಲ್ಲೊಂದು ಸ್ಟಡಿ ಸೆಂಟರ್ ಬೇಕಿತ್ತು."

ಮೈಸೂರಿನವರಾದ ನಮ್ಮ ಅಧ್ಯಕ್ಷರು ತಡೆದರು: "ಆನ್‌ಲೈನ್ ಹಾಜರಿ ಲೆಕ್ಕಕ್ಕಿಲ್ಲಮ್ಮ. ಖುದ್ದಾಗಿ ಬಂದು ಹೇಳಿದ್ರೆ ಮಾತ್ರ ನೋಡ್ತೀವಿ."

"ಖುದ್ದು ಬರ್ಲಿಕ್ಕೆ ಆಗ್ತಿದ್ರೆ ರೆಗ್ಯುಲರ್ ಕಾಲೇಜಿಗೇ ಸೇರ್ತಿದ್ದೆ ಸರ್," ಎಂದಳು. ಅಷ್ಟರಲ್ಲಿ ಗಿರಾಕಿಗಳು ಬಂದರು, ಕಾಲ್ ಕಟ್ಟಾಯಿತು.

ಸೆಂಟರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಕಚೇರಿಗೆ ಇನ್ನೊಂದು ಮಹಡಿ ಕಟ್ಟಿಸಲು ವಿಸ್ತರಣೆಯ ಇಡೀ ಅನುದಾನ ಪಾಸಾಯಿತು.

ದೂರಶಿಕ್ಷಣ ವಿಸ್ತರಣೆಯಾಗಿದೆ ಸ್ವಾಮಿ, ಎರಡನೇ ಮಹಡಿಯಿಂದ ಮೂರನೇ ಮಹಡಿಗೆ.